ಎರಡನೇ ಬದಿಗೆ ಸೂಜಿ ಹಾಕುವ ಮುನ್ನ

ಪರೇಲ್, ಮುಂಬಯಿ
ಆಗಸ್ಟ್ ೧೯೭೪

ಭಾನುವಾರ ತಪ್ಪದೆ ರಜೆಯಲ್ಲಿರುವ ಸೂಪರಿಂಟೆಂಡೆಂಟ್ ಸಾಹೇಬರೇ,

ನನ್ನ ತಂಗಿ ಹಾಲವ್ವ ವಾಂತಿಭೇದಿಯಿಂದ ಸತ್ತಳೆಂದು ತಮ್ಮ ಕಚೇರಿ ಬರೆದುಕೊಟ್ಟಿದೆ. ಅದು ಸುಳ್ಳು. ಆಕೆ ಸತ್ತದ್ದು ಎರಡೂ ಶ್ವಾಸಕೋಶಗಳಿಗೆ ಸೂಜಿ ತಗುಲಿ. ಇದನ್ನು ಹೇಳಲು ನಾನೇನು ಡಾಕ್ಟರೇ? ಅಲ್ಲ. ತಮ್ಮದೇ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ ಸ್ಟ್ರೆಚರ್ ತಳ್ಳುತ್ತಿರುವ ವಾರ್ಡ್‌ಬಾಯ್.

ಆ ಭಾನುವಾರ ಮಧ್ಯಾಹ್ನ ಕುರ್ಲಾದ ಚಾಳಿನಿಂದ ಆಕೆಯನ್ನು ನಾನೇ ಹೊತ್ತು ಟ್ಯಾಕ್ಸಿಗೆ ಹಾಕಿ ತಂದೆ. ವಾಂತಿಭೇದಿಯಾಗಿ ಮೈಯ ನೀರೆಲ್ಲ ಬಸಿದುಹೋಗಿ ಕೈಯಲ್ಲಿ ನರವೇ ಸಿಗಲಿಲ್ಲ. ಸಲೈನ್ ಏರಿಸಲು ಹೊಸ ಡಾಕ್ಟರು ಬಲಗಡೆ, ಕೊರಳ ಬುಡದ ಎಲುಬಿನ ಕೆಳಗೆ, ದೊಡ್ಡ ರಕ್ತನಾಳಕ್ಕಾಗಿ ಸೂಜಿ ಹಾಕಿದರು. ಮೂರು ಸಲ ಚುಚ್ಚಿದರೂ ಸಿಗಲಿಲ್ಲ. ಹಾಲವ್ವ ಕೆಮ್ಮಿದಳು. "ಅಣ್ಣಾ, ಉಸರು ಹಿಡದಂಗ ಆಗೇತಿ" ಎಂದಳು. ಡಾಕ್ಟರು ಎಡಗಡೆಗೆ ತಿರುಗಿದರು.

ಒಂದು ಬದಿ ತಪ್ಪಿದರೆ ಸೂಜಿ ಶ್ವಾಸಕೋಶಕ್ಕೆ ತಗುಲಿರಬಹುದು, ಎಕ್ಸ್‌ರೇ ನೋಡದೆ ಇನ್ನೊಂದು ಬದಿ ಮುಟ್ಟಬೇಡಿ, ಒಂದು ಶ್ವಾಸಕೋಶ ಕೆಟ್ಟರೂ ಇನ್ನೊಂದರಿಂದ ಮನುಷ್ಯ ಬದುಕುತ್ತಾನೆ: ದೊಡ್ಡ ಡಾಕ್ಟರು ಹುಡುಗರಿಗೆ ಹೀಗೆ ಕಲಿಸುವುದನ್ನು ನೂರು ಸಲ ಕೇಳಿದ್ದೇನೆ. ಸಿಸ್ಟರ್ ವಾರಿಜಾ ಹೇಳಿಯೂ ಹೇಳಿದರು, "ಡಾಕ್ಟರ್, ಮೊದಲು ಎಕ್ಸ್‌ರೇ."

"ಎಲ್ಲಿದೆ ಸಿಸ್ಟರ್ ಮಷಿನ್?" ಎಂದರು ಅವರು.

ವಾರ್ಡಿಗೆ ತರುವ ಮಷಿನ್ ಕೆಟ್ಟು ನಾಲ್ಕು ತಿಂಗಳು. ಕೆಳಗಿನ ಎಕ್ಸ್‌ರೇ ಕೋಣೆಗೆ ಭಾನುವಾರ ಬೀಗ. ಕಾಯಿಲೆಗಳು ಕಚೇರಿಯ ವೇಳೆಯಲ್ಲೇ ಬರತಕ್ಕದ್ದೆಂದು ತಾವೊಂದು ಸುತ್ತೋಲೆಯನ್ನಾದರೂ ಹೊರಡಿಸಬಾರದಿತ್ತೇ?

ಚರ್ಮ ಕೊಯ್ದು ಕಾಲಿನ ನರ ಬಿಡಿಸಿ ಸಲೈನ್ ಕೊಡುವ ಹಳೆಯ ದಾರಿ ಇತ್ತು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಹಿಂದಿನ ವರ್ಷ ಡಾಕ್ಟರೊಬ್ಬರಿಗೆ ಎದುರಾಡಿದ ವಾರ್ಡ್‌ಬಾಯ್ ಗುರಲಿಂಗಪ್ಪನನ್ನು ತಾವು ಹೆಣದ ಕೋಣೆಯ ಕೆಲಸಕ್ಕೆ ಹಾಕಿದ್ದು ನೆನಪಿತ್ತು. ತಂಗಿಯ ಕೈ ಹಿಡಿದು ನಿಂತೆ. ಎಡಗಡೆ ನಾಳ ಸಿಕ್ಕಿತು, ಸಲೈನ್ ಇಳಿಯಿತು. ಅರ್ಧ ಗಂಟೆಯಲ್ಲಿ ಹಾಲವ್ವನ ತುಟಿ ನೀಲಿಯಾಯಿತು. ತೂತಾದ ಶ್ವಾಸಕೋಶಗಳಿಂದ ಸೋರಿ ಎದೆಯಲ್ಲಿ ತುಂಬಿದ ಗಾಳಿ ತೆಗೆಯಲು ನಳಿಗೆ ಹುಡುಕಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಡಾಕ್ಟರು ಮೆಟ್ಟಿಲ ಮೇಲೆ ಕೂತು ಅತ್ತರು. ಹಿಂದಿನ ದಿನ ಬೆಳಿಗ್ಗೆಯಿಂದ ಅವರು ಮನೆಗೆ ಹೋಗಿರಲಿಲ್ಲ. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ.

ಎಕ್ಸ್‌ರೇ ನೋಡದೆ ಎರಡನೇ ಬದಿಗೆ ಸೂಜಿ ಬೇಡವೆಂದು ಲಿಖಿತ ಆದೇಶ ಕೊಡಿ. ಮಷಿನ್ ರಿಪೇರಿ ಮಾಡಿಸಿ. "ನಿಲ್ಲಿ" ಎಂದವರು ಯಾರೇ ಆಗಲಿ, ಶಿಕ್ಷಿಸಬೇಡಿ. ಇದಾವುದೂ ಆಗುತ್ತದೆಂಬ ನಂಬಿಕೆ ನನಗಿಲ್ಲ. ಈ ಪತ್ರವನ್ನು ಪತ್ರಿಕೆಗೆ ಕೊಟ್ಟದ್ದು ಬೇರೆಯವರಿಗಾಗಿ: ಇದನ್ನು ಓದಿದ ಒಬ್ಬರಾದರೂ ತಮ್ಮವರ ಹಾಸಿಗೆಯ ಪಕ್ಕ ನಿಂತಾಗ ಎಕ್ಸ್‌ರೇ ನೋಡಿದಿರಾ ಎಂದು ಬಾಯಿಬಿಟ್ಟು ಕೇಳಲಿ.

ಇಂತಿ,
ಪಕ್ಕದಲ್ಲೇ ನಿಂತಿದ್ದೂ ಕೇಳದ ಅಣ್ಣ,
ಭೀಮರಾಯ