ದುರ್ಯೋಧನನ ಟ್ರಂಕು

ಎಲೈ ಮೈಲಾರಲಿಂಗಾ, ರಂಗದ ಮೇಲಿನ ವೈರಿಯೇ, ನನ್ನ ಪ್ರಾಣದ ಗೆಳೆಯನೇ!

ತೆಲಂಗಾಣ ಬಂದ ವರ್ಷವೇ ನೀನು ಮಣ್ಣು ಸೇರಿದೆ. ಈ ಕಾಗದವನ್ನು ಯಾವ ಅಂಚೆಯವನೂ ಮುಟ್ಟಿಸಲಾರ. ಆದರೂ ಇವತ್ತಿನ ಸುದ್ದಿಯನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಮಗಳು ಅಖಿಲಾ ಆಟದ ಕಂಪ್ಯೂಟರ್ ಜೋಡಿಸಿದಳು. ಒಳಗಿನದೆಲ್ಲ ಹೈದರಾಬಾದಿನ ಸೆಕೆಂಡ್ ಹ್ಯಾಂಡ್ ಮಾಲು. ಹೊರಗಿನ ಪೆಟ್ಟಿಗೆಗೆ ದುಡ್ಡು ಸಾಲಲಿಲ್ಲ. ಆಗ ಅಟ್ಟದಿಂದ ಇಳಿಸಿದೆನಯ್ಯಾ, ನಿನ್ನ ದುರ್ಯೋಧನ ವೇಷದ ಟ್ರಂಕನ್ನು! ಕಿರೀಟ ತೆಗೆದಿಟ್ಟು, ತಗಡಿಗೆ ಗಾಳಿಯ ತೂತು ಕೊರೆದುಕೊಟ್ಟೆ.

ಮಕ್ತಲಿನ ಬಯಲಾಟದಲ್ಲಿ ರಂಗಕ್ಕೆ ಇಳಿಯುವ ಮುನ್ನ ನೀನು ಆ ಟ್ರಂಕಿಗೆ ಮೈಲಾರ ದೇವರ ಭಂಡಾರ ಎರಚುತ್ತಿದ್ದೆಯಲ್ಲ? ನಾನೂ "ಏಳುಕೋಟಿ!" ಎಂದು ಗರ್ಜಿಸಿ ಒಂದು ಹಿಡಿ ಎರಚಿದೆ. ಒಳಗೆ ಫ್ಯಾನು ತಿರುಗುತ್ತಿತ್ತು. ಅಷ್ಟೂ ಅರಿಸಿನ ನಮ್ಮ ಮುಖಕ್ಕೇ ಹಾರಿತು!

"ಎಪ್ಪಾ, ಇದು ಮಿಷನ್ ಐತಿ, ಮೈಲಾರಪ್ಪ ಅಲ್ಲ! ಸುಟ್ಟೋದ್ರ ನಿನ್ನ ಗದಾ ಮಾರಸ್ತೀನಿ ನೋಡು!" ಎಂದು ಒದರಿದಳು.

ಒರೆಸಿ ಹಚ್ಚಿದರೆ, ಬದುಕಿತ್ತು.

ಅದು ಇಬ್ಬರು ಕಾದಾಡುವ ಆಟ. ನನ್ನ ಹಳೆಯ ಪಾತ್ರದಂತೆ ನನ್ನ ಹೆಸರು ಭೀಮ ಎಂದು ಬರೆದಳು. "ಎದುರಿನವಗ ಏನ್ ಹೆಸರು ಹಾಕ್ಲಿ?"

"ದುರ್ಯೋಧನ!"

"ಅವನ್ನ ಆಡಸಾಕ ನಾ ಕೂಡ್ಲೇನು?"

ಬೇಡವೆಂದೆ.

ತೆರೆಯ ಮೇಲೆ ನೀನು ಅಲುಗದೆ ನಿಂತೆ. ಒಂದು ಗುಂಡಿ ಒತ್ತಿದ್ದರೆ ಗೆಲುವು ನನ್ನದು.

"ಹೊಡಿಯಪ್ಪಾ, ಸುಮ್ನ ನಿಂತಾನಲ್ಲ!"

ಹೇಗೆ ಹೊಡೆಯಲಿ? ನಿನ್ನ ಮಾತು ಮುಗಿಯದೆ ನಾನು ಎಂದಾದರೂ ಗದೆ ಎತ್ತಿದ್ದುಂಟೇ? ನೀನು ಮಾತು ಶುರುಮಾಡಲೆಂದು ಕಾಯುತ್ತ ಕೂತೆ.