ಹೊಳೆದಂಡೆಯ ಗೂಟ

ಯರಗಟ್ಟಿ
೧೭-೧-೧೯೯೮

ಸೋಮಪ್ಪ ಕಾಕಾ ಅವರಿಗೆ ಕಸ್ತೂರಿಯ ನಮಸ್ಕಾರ.

ಸಂಕ್ರಾಂತಿಗೆ ನಾವೆಲ್ಲ ಮಲಪ್ರಭೆಯ ದಂಡೆಯಲ್ಲಿ ಡೇರೆ ಹಾಕಿದಾಗ ನಾನು ನೀರಿನಂಚಿಗೆ ಗೂಟ ನೆಟ್ಟಿದ್ದೆ. ಡ್ಯಾಮಿನಿಂದ ನೀರು ಬಿಟ್ಟರೆ ಮೊದಲು ಅದು ಮುಳುಗುತ್ತದೆ, ಆಗ ಮಕ್ಕಳನ್ನು ಮೇಲೆ ಕರೆಯಬೇಕು ಎಂದೂ ಹೇಳಿದ್ದೆ. ಶಾಲೆಯ ಮಾಸ್ತರರಾದ ನೀವು, "ಸಾಲಿ ಬಿಟ್ಟಾಕಿ ಮಾಸ್ತರಗ ಪಾಠ ಹೇಳಾಕ ಬಂದಾಳ ನೋಡ" ಎಂದು ನಕ್ಕು, ಅದನ್ನೇ ಕಿತ್ತು ಡೇರೆಯ ಹಗ್ಗ ಕಟ್ಟಿದಿರಿ. ನೀರು ಏರಿದ್ದು ಯಾರಿಗೂ ತಿಳಿಯಲಿಲ್ಲ. ಕುತ್ತಿಗೆಮಟ್ಟ ಮುಳುಗಿದ್ದ ನಿಮ್ಮ ಮಗ ಅಪ್ಪುವನ್ನು ಎಳೆದು ತಂದವಳು ನಾನು.

ಈಗ ಅಪ್ಪುವಿನ ತಾಯಿ, ನಮ್ಮ ಕಾಕುವಿಗೆ ತಪ್ಪೆಲ್ಲ ನನ್ನದೇ ಎಂದಿದ್ದೀರಿ. ಅವರು ಮಕ್ಕಳನ್ನು ನನ್ನ ಹತ್ತಿರ ಬಿಡುತ್ತಿಲ್ಲ. ಅಂದು ದಂಡೆಯಲ್ಲಿ ಮಕ್ಕಳನ್ನು ಬಿಟ್ಟು ಸ್ವಲ್ಪ ಹೊತ್ತು ಕಬ್ಬು ಮುರಿಯಲು ಹೋಗಿದ್ದೆ, ನಿಜ. ಅದನ್ನು ನಾನೇ ಅವರಿಗೆ ಹೇಳಿದ್ದೇನೆ.

ಗೂಟವನ್ನು ಈ ಪತ್ರದ ಸಂಗಡ ಕಳಿಸಿದ್ದೇನೆ. ಅದನ್ನು ಕಾಕುವಿನ ಎದುರಿಗಿಟ್ಟು, ಎಲ್ಲಿಂದ ಕಿತ್ತಿದ್ದೆಂದು ನೀವೇ ಹೇಳಿರಿ.

ನಿಮ್ಮ ಅಣ್ಣನ ಮಗಳು,
ಕಸ್ತೂರಿ