ಇನ್ನೊಂಚೂರು ಹಾಕವ್ವ

ಅರಸೀಕೆರೆ
೧೨ ಆಗಸ್ಟ್ ೨೦೨೪, ಸೋಮವಾರ

ಸಿರಿಗೆ ಅತ್ತೆಯ ಆಶೀರ್ವಾದ. ಬೇಕೆನಿಸಿದರೆ ತೆಗೆದುಕೋ, ಬೇಡವಾದರೆ ಮಡಚಿ ಇಟ್ಟಿರು.

ಫೋನಿನಲ್ಲಿ ನಾನು ಮಾತಾಡಿದರೆ ಅದು ಜಗಳವಾಗಿಯೇ ಮುಗಿಯುತ್ತದೆ, ನನ್ನ ಬಾಯಿ ನಿನಗೆ ಗೊತ್ತಲ್ಲ. ಅದಕ್ಕೇ ಈ ಕಾಗದ. ಇಂದ್ರೇಶನ ಕೈಯಲ್ಲೇ ಕಳಿಸುತ್ತಿದ್ದೇನೆ. ನನ್ನ ಮೇಲಿನ ಸಿಟ್ಟನ್ನು ನಿನ್ನ ಗಂಡನ ಮೇಲೆ ತೀರಿಸಬೇಡ.

ನನಗೆ ಸಾಕಾಗಿದೆ ಕಣೇ. ನಿಮ್ಮ ಮಾವನಿಗೆ ಟೈಫಾಯ್ಡ್ ಇಳಿದು ಎರಡು ತಿಂಗಳಾಯಿತು, ನಾಲಗೆಗೆ ಮಾತ್ರ ಇನ್ನೂ ರುಚಿ ಹತ್ತಿಲ್ಲ. ತಿಳಿಸಾರು ಮಾಡಿದರೆ ವಾಕರಿಕೆ, ಮುದ್ದೆ ಮಾಡಿದರೆ ಗಂಟಲಲ್ಲಿ ಇಳಿಯುವುದಿಲ್ಲ, ಉಪ್ಪಿಟ್ಟು ಕಂಡರೆ ಗೋಡೆ ಕಡೆ ತಿರುಗಿಕೊಳ್ಳುತ್ತಾರೆ. ಮಾಡಿದ್ದನ್ನೆಲ್ಲ ಕಲಗಚ್ಚಿಗೆ ಸುರಿದು ಮತ್ತೆ ಒಲೆ ಹಚ್ಚುತ್ತೇನೆ. ಮಂಡಿನೋವು ಬೇರೆ. ಆಷಾಢದಲ್ಲಿ ನೀನು ತವರಿಗೆ ಹೋಗದೆ ಉಳಿದದ್ದೇ ಅವರ ಸಲುವಾಗಿ. ಮದುವೆಯಾದ ಮೊದಲ ಆಷಾಢ, ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದು ಎಂದು ನಾನು ಗೊಣಗಿದರೆ, ನಾನು ಹಿತ್ತಿಲ ಬಾಗಿಲಲ್ಲಿ ಓಡಾಡ್ತೀನಿ ಬಿಡಿ ಅತ್ತೆ ಎಂದೆ. ಹಾಗೇ ಓಡಾಡಿದೆ ಕೂಡ.

ಆ ಭಾನುವಾರ ನೀನು ಸಮುದ್ರದ ಪಾಚಿಯ ಕರೀ ಹಾಳೆ ಹಾಸಿ, ಹುಳಿ ಬೆರೆಸಿದ ಅನ್ನ, ಸೌತೆಕಾಯಿ, ಕ್ಯಾರೆಟ್ ಇಟ್ಟು ಸುರುಳಿ ಸುತ್ತಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದೆ. ಸುಶಿ ಅಂದೆ. ಮಯೊನೇಸ್ ಬಾಟಲಿಯಿಂದ ಬೆಳ್ಳಗಿನದನ್ನು ಸುರಿದು ಖಾರದ ಸಾಸು, ಎರಡು ಹನಿ ನಿಂಬೆರಸ ಕಲಸಿದೆ. ನಿಮ್ಮ ಮಾವ ಆರು ಬಿಲ್ಲೆ ತಿಂದರು. ತಟ್ಟೆಯಲ್ಲಿದ್ದ ಸಾಸನ್ನು ಬೆರಳಲ್ಲಿ ಬಳಿದು ನೆಕ್ಕಿದರು. ಇನ್ನೊಂಚೂರು ಹಾಕವ್ವ ಎಂದು ನಿನ್ನನ್ನು ಕೇಳಿದರು.

ಆಗಲೇ ನಾನು ಬಾಟಲಿ ಕಿತ್ತುಕೊಂಡದ್ದು. ಇದನ್ನ ಮೊಟ್ಟೆ ಹಾಕಿ ಮಾಡ್ತಾರೆ, ಲಿಂಗಪೂಜೆ ಮಾಡೋ ಮನೆ ಕೆಡಿಸಿದೆ ಎಂದು ಬಟ್ಟಲ ಸಮೇತ ಹಿತ್ತಿಲಿಗೆ ಎಸೆದೆ. ಮೊಟ್ಟೆ ಇಲ್ಲದ್ದೇ ತಂದಿರೋದು ಅತ್ತೆ, ಹಸಿರು ಚುಕ್ಕಿ ಐತೆ ನೋಡಿ ಎಂದು ನೀನು ಎರಡು ಸಲ ಹೇಳಿದೆ. ನಾನು ಕೇಳಲಿಲ್ಲ. ನಿಮ್ಮವ್ವ ಇದನ್ನೇನಾ ಕಲಿಸಿದ್ದು ಅಂದೂ ಬಿಟ್ಟೆ. ಕನ್ನಡಕ ಇರಲಿಲ್ಲ, ಚುಕ್ಕಿ ಕಾಣಲಿಲ್ಲ, ತಪ್ಪಾಯಿತು. ನೀನು ಹಳೇಬೀಡಿನ ಬಸ್ಸು ಹತ್ತಿ ಹಗರೆಯ ತವರು ಸೇರಿದೆ.

ಎದುರುಮನೆ ಅರುಣಾಗೆ, ಆಷಾಢಕ್ಕೆ ಹೋಗವ್ಳೆ ಎಂದು ಹೇಳಿದ್ದೆ. ಶ್ರಾವಣ ಬಂದು ವಾರವಾಯಿತು. ನಿನ್ನೆ ಅವಳು, ನಿಮ್ಮ ಸೊಸೆ ಪಂಚಾಂಗವೇ ಬೇರೆ ಏನೋ ಎಂದು ನಕ್ಕಳು.

ಅಂದಿನಿಂದ ನಿಮ್ಮ ಮಾವ ಎರಡು ತುತ್ತಿಗೇ ತಟ್ಟೆ ಸರಿಸುತ್ತಾರೆ. ನನ್ನನ್ನು ಬೈಯುವುದೂ ಇಲ್ಲ. ಬೈದಿದ್ದರೆ ವಾಸಿಯಿತ್ತು. ಅದಕ್ಕೇ ನಾನೇ ಆ ಸಾಸು ಮಾಡಲು ಹೊರಟೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ ಖಾರ ಕಲಸಿದೆ, ಬರೀ ಹುಳಿ. ಕಾಯಿ ರುಬ್ಬಿದೆ, ಇದು ಚಟ್ನಿ ಕಣೇ ಎಂದು ಪಕ್ಕಕ್ಕಿಟ್ಟರು. ಇವತ್ತು ತೋಟದ ಎಳನೀರು ಕೆತ್ತಿಸಿ, ಒಳಗಿನ ಗಂಜಿ ತೆಗೆದು, ನೆನೆಸಿದ ಬ್ಯಾಡಗಿ ಮೆಣಸಿನಕಾಯಿ, ಒಂದೆಸಳು ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಹಾಕಿ, ಮಿಕ್ಸಿ ತಿರುಗುತ್ತಿರುವಾಗಲೇ ಎಣ್ಣೆಯನ್ನು ಹನಿ ಹನಿಯಾಗಿ ಬಿಟ್ಟೆ. ಬೆಣ್ಣೆಯ ಹಾಗೆ ನುಣ್ಣಗೆ ಬಂತು. ಅನ್ನದ ಸಣ್ಣ ಉಂಡೆ ಕಟ್ಟಿ ಮೇಲೆ ಹಚ್ಚಿ ಕೊಟ್ಟೆ. ಬಾಯಿಗಿಟ್ಟವರೇ ಅಡುಗೆಮನೆ ಕಡೆ ಕತ್ತೆತ್ತಿ, ಸಿರಿ ಬಂದ್ಲಾ ಎಂದು ಕೇಳಿದರು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಒಂದು ಸಣ್ಣ ಡಬ್ಬಿಯಲ್ಲಿ ನಿನಗೂ ಕಳಿಸಿದ್ದೇನೆ. ನಿನ್ನದರಷ್ಟು ಚೆನ್ನಾಗಿಲ್ಲ, ನನಗೇ ಗೊತ್ತು. ನಿಮ್ಮವ್ವನ ಹತ್ತಿರ ನಾನೇ ಬಂದು ಮಾತಾಡುತ್ತೇನೆ, ಅವರು ಒಳಗೆ ಕರೆದರೆ. ನೀನು ಬಾ. ಬರುವಾಗ ಮುಂಬಾಗಿಲಲ್ಲೇ ಬಾ.

ಇಂತಿ,
ದಣಿದು ಕೂತಿರುವ ನಿನ್ನ ಅತ್ತೆ
ಸುಮಿತ್ರಮ್ಮ

ತಾ.ಕ.: ಕನ್ನಡಕದ ಮಾತು ಸುಳ್ಳು. ಬಾಟಲಿ ತಂದ ದಿನವೇ, ನೀನು ಸ್ನಾನಕ್ಕೆ ಹೋದಾಗ, ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದ್ದೆ. ಹಸಿರು ಚುಕ್ಕಿ ಇತ್ತು. ಮೂವತ್ತೆಂಟು ವರ್ಷ ಬಡಿಸಿದ್ದೇನೆ ಸಿರಿ, ಒಂದು ದಿನವೂ ಅವರು ನನಗೆ ಇನ್ನೊಂಚೂರು ಹಾಕು ಎಂದವರಲ್ಲ.